ಆಯುಷ್ಮಾನ್ ಕಾರ್ಡ್ ಇದ್ರೆ ಸಾಕಾ? ಅರಸೀಕೆರೆ, ಬೇಲೂರು, ಹಳೇಬೀಡಿನ ರೈತ ಮನೆಗಳಿಗೆ ಆರೋಗ್ಯ ವಿಮೆಯ ಲೆಕ್ಕ

ಕೊಬ್ಬರಿ ರೇಟು ಎಷ್ಟು, ಶುಂಠಿ ಮೂಟೆಗೆ ಎಷ್ಟಾಯ್ತು, ಯಗಚಿ ಡ್ಯಾಮ್‌ಗೆ ನೀರು ಎಷ್ಟು ಬಂತು ಅನ್ನೋದನ್ನ ನಾವು ದಿನಾ ಮೊಬೈಲಲ್ಲಿ ನೋಡ್ತೀವಿ. ಆದರೆ "ನಿಮ್ಮ ಮನೇಲಿ ಯಾರಿಗಾದ್ರೂ ನಾಳೆ ಆಪರೇಷನ್ ಆಗಬೇಕು ಅಂದ್ರೆ ದುಡ್ಡು ಎಲ್ಲಿಂದ ಬರುತ್ತೆ?" ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಆಯುಷ್ಮಾನ್ ಕಾರ್ಡ್ ಐತಲ್ಲ, ಐದು ಲಕ್ಷ ಸಿಗುತ್ತೆ ಬಿಡಿ."

ಈ ಉತ್ತರ ಎಲ್ಲ ಮನೆಗೂ ಸರಿಯಲ್ಲ. ಎಪಿಎಲ್ ರೇಷನ್ ಕಾರ್ಡ್ ಇರುವ ಮನೆಗೆ ಈ ಕಾರ್ಡಿನಲ್ಲಿ ಸಿಗೋದು ಚಿಕಿತ್ಸೆ ದರದ ಶೇ. 30 ಮಾತ್ರ. ಉಳಿದದ್ದು ಮನೆಯಿಂದಲೇ ಹೋಗಬೇಕು. ಇದು ಗೊತ್ತಾಗೋದು ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ ಕೌಂಟರ್ ಮುಂದೆ ನಿಂತಾಗ. ಆಮೇಲೆ ಹಸು ಮಾರೋದು, ಒಡವೆ ಅಡ ಇಡೋದು, ಕೈಸಾಲ ಮಾಡೋದು ನಮಗೆಲ್ಲ ಗೊತ್ತಿರೋ ದಾರಿಯೇ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಎಷ್ಟು ಗಾಬರಿ ಹುಟ್ಟಿಸಿದ್ದವು ಅನ್ನೋದು ನೆನಪಿರಬಹುದು. ಚಿಕ್ಕ ವಯಸ್ಸಿನವರೂ ತಪಾಸಣೆಗೆ ಅಂತ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಸಾವಿನ ಪ್ರಮಾಣ ದಿಢೀರ್ ಏರಿದೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ ಅಂತ ವರದಿ ಕೊಟ್ಟಿತು. ಗಾಬರಿ ಇಳಿಯಿತು. ಆದರೆ ಸಾಲಿನಲ್ಲಿ ನಿಂತಿದ್ದ ಎಷ್ಟೋ ಜನರಿಗೆ ತಮ್ಮ ಮನೆಗೆ ಯಾವ ವಿಮೆ ಇದೆ ಅನ್ನೋದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿರಲಿಕ್ಕಿಲ್ಲ.

ಆದ್ದರಿಂದ ಈ ವಾರ ಬೆಳೆ, ಗೊಬ್ಬರದ ಮಾತು ಬಿಟ್ಟು ಈ ಲೆಕ್ಕ ನೋಡೋಣ. ಯಾವ ಯೋಜನೆ ಯಾರಿಗೆ, ಎಷ್ಟು ಖರ್ಚು, ಎಲ್ಲಿ ಮೋಸ ಹೋಗ್ತೀವಿ ಅನ್ನೋದನ್ನ ಒಂದೊಂದಾಗಿ ಹೇಳ್ತೀವಿ.

1. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: ಮೊದಲು ರೇಷನ್ ಕಾರ್ಡ್ ನೋಡಿ

ರಾಜ್ಯದ 'ಆರೋಗ್ಯ ಕರ್ನಾಟಕ' ಮತ್ತು ಕೇಂದ್ರದ 'ಆಯುಷ್ಮಾನ್ ಭಾರತ್' ಎರಡೂ 2018ರಲ್ಲಿ ಶುರುವಾದವು. ಅದೇ ವರ್ಷ ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಲಾಯಿತು. ಇದನ್ನು ನಡೆಸೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇದಕ್ಕೆ ಪ್ರೀಮಿಯಂ ಇಲ್ಲ.

ಸಿಗೋದು ಹೀಗೆ:

- ಬಿಪಿಎಲ್ ಕಾರ್ಡ್ ಇರುವ ಕುಟುಂಬ: ವರ್ಷಕ್ಕೆ ಇಡೀ ಕುಟುಂಬಕ್ಕೆ ₹5 ಲಕ್ಷದವರೆಗೆ ಉಚಿತ ಚಿಕಿತ್ಸೆ.
- ಎಪಿಎಲ್ ಕಾರ್ಡ್ ಇರುವ ಕುಟುಂಬ: ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ. ಅದೂ ವರ್ಷಕ್ಕೆ ಇಡೀ ಕುಟುಂಬಕ್ಕೆ ₹1.5 ಲಕ್ಷದ ಮಿತಿಯೊಳಗೆ.

ಒಂದು ಉದಾಹರಣೆ. ಒಂದು ಆಪರೇಷನ್‌ಗೆ ಪ್ಯಾಕೇಜ್ ದರ ₹1 ಲಕ್ಷ ಅಂತ ಇಟ್ಕೊಳ್ಳಿ. ಬಿಪಿಎಲ್ ಮನೆಯವರಿಗೆ ಪೂರ್ತಿ ₹1 ಲಕ್ಷವನ್ನು ಸರ್ಕಾರ ಕಟ್ಟುತ್ತೆ. ಎಪಿಎಲ್ ಮನೆಯವರಿಗೆ ₹30,000 ಸಿಗುತ್ತೆ, ₹70,000 ಕೈಯಿಂದ ಕಟ್ಟಬೇಕು. ಇಬ್ಬರ ಕೈಯಲ್ಲೂ ಇರೋದು ಒಂದೇ ಥರದ ಕಾರ್ಡ್.

ಇನ್ನೊಂದು ಮಾತು. ರೇಷನ್ ಕಾರ್ಡ್ ಪರಿಷ್ಕರಣೆ ಆದಾಗ ಕೆಲವು ಬಿಪಿಎಲ್ ಕಾರ್ಡ್‌ಗಳು ಎಪಿಎಲ್ ಆಗ್ತವೆ. ಅಕ್ಕಿ ನಿಂತಿತು ಅಂತ ಮಾತ್ರ ನಾವು ಬೇಜಾರು ಮಾಡ್ಕೊಳ್ತೀವಿ. ಅದರ ಜೊತೆಗೇ ₹5 ಲಕ್ಷದ ಚಿಕಿತ್ಸೆಯ ಹಕ್ಕೂ ಹೋಯ್ತು ಅನ್ನೋದು ತಲೆಗೆ ಬರಲ್ಲ. ನಿಮ್ಮ ಕಾರ್ಡ್ ಈಗ ಯಾವ ವರ್ಗದಲ್ಲಿದೆ ಅಂತ ಆಹಾರ ಇಲಾಖೆಯ ವೆಬ್‌ಸೈಟಲ್ಲಿ ಅಥವಾ ನ್ಯಾಯಬೆಲೆ ಅಂಗಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ತಪ್ಪಾಗಿ ಬದಲಾಗಿದ್ರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ. ಮನೇಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಈ ಕೆಲಸ ಮಾಡಬೇಕು.

ಕಾರ್ಡ್ ಮಾಡಿಸಲು ಆಧಾರ್ ಮತ್ತು ರೇಷನ್ ಕಾರ್ಡ್ ತಗೊಂಡು ಗ್ರಾಮ ಒನ್ ಕೇಂದ್ರಕ್ಕೆ ಹೋದರೆ ಆಯ್ತು. ಮನೆಯ ಪ್ರತಿಯೊಬ್ಬರ ಹೆಸರೂ ರೇಷನ್ ಕಾರ್ಡಲ್ಲಿ ಇರಬೇಕು. ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿಸದೇ ಇರೋದು ನಮ್ಮ ಕಡೆ ಮಾಮೂಲಿ. ಸಮಸ್ಯೆ ಬರೋದೂ ಅಲ್ಲೇ.

ರೆಫರಲ್ ಚೀಟಿ ಯಾಕೆ ಬೇಕು?

ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಂದರೆ ನಮ್ಮಲ್ಲಿ ಅರಸೀಕೆರೆ ಅಥವಾ ಬೇಲೂರಿನ ತಾಲ್ಲೂಕು ಆಸ್ಪತ್ರೆ, ದೊಡ್ಡದಾದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಅಂದರೆ ಹಿಮ್ಸ್. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ರೆ ಅವರು ರೆಫರಲ್ ಬರೆದುಕೊಡ್ತಾರೆ. ಆಗ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿಕೊಂಡ್ರೆ ಸೌಲಭ್ಯ ಸಿಗದೇ ಹೋಗಬಹುದು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ.

2. 'ಆಭಾ' ನಂಬರ್ ವಿಮೆ ಅಲ್ಲ

ಆಸ್ಪತ್ರೆಯ ಚೀಟಿ ಕೌಂಟರ್‌ನಲ್ಲಿ ಮೊಬೈಲ್ ಸ್ಕ್ಯಾನ್ ಮಾಡಿಸಿ 14 ಅಂಕಿಯ ಆಭಾ ನಂಬರ್ ಮಾಡಿಕೊಡ್ತಾರೆ. "ನಂದೂ ಆಯುಷ್ಮಾನ್ ಆಯ್ತು" ಅಂತ ಎಷ್ಟೋ ಹುಡುಗರು ಅದನ್ನೇ ವಿಮೆ ಅಂದ್ಕೊಂಡಿದಾರೆ. ಆಭಾ ಅನ್ನೋದು ನಿಮ್ಮ ಆರೋಗ್ಯ ದಾಖಲೆಗಳನ್ನು ಇಡುವ ಗುರುತಿನ ಸಂಖ್ಯೆ. ಅದರಿಂದ ಒಂದು ರೂಪಾಯಿ ಬಿಲ್ಲೂ ಕಟ್ಟೋಕಾಗಲ್ಲ. ನಿಮ್ಮ ಹತ್ರ ಇರೋದು ಯಾವುದು ಅಂತ ಈಗಲೇ ಮೊಬೈಲ್ ತೆಗೆದು ನೋಡಿ.

ಹಾಗೆಯೇ "ನಿಮ್ಮ ಆಯುಷ್ಮಾನ್ ಕಾರ್ಡ್ ರದ್ದಾಗ್ತಿದೆ, ಒಟಿಪಿ ಹೇಳಿ" ಅಂತ ಯಾರಾದ್ರೂ ಫೋನ್ ಮಾಡಿದ್ರೆ ಕಟ್ ಮಾಡಿ. ಅನುಮಾನ ಇದ್ದರೆ ಯೋಜನೆಯ ಸಹಾಯವಾಣಿ 14555 ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ನೀವೇ ಕರೆ ಮಾಡಿ ಕೇಳಿ.

3. ಯಶಸ್ವಿನಿ: ಎಪಿಎಲ್ ರೈತ ಮನೆಗೆ ಇದೇ ಮುಖ್ಯ

ಇದು ನಮ್ಮ ರಾಜ್ಯದಲ್ಲೇ ಹುಟ್ಟಿದ ಯೋಜನೆ. 2002ರ ನವೆಂಬರ್‌ನಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಉದ್ಘಾಟನೆಯಾಗಿ, 2003ರ ಜೂನ್‌ನಿಂದ ಜಾರಿಗೆ ಬಂತು. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಆಲೋಚನೆ ಇದರ ಹಿಂದಿತ್ತು. ತಿಂಗಳಿಗೆ ₹5ರ ಲೆಕ್ಕದಲ್ಲಿ ಒಬ್ಬ ಸಹಕಾರಿ ಸದಸ್ಯ ವರ್ಷಕ್ಕೆ ₹60 ಕಟ್ಟಿದರೆ ಆಪರೇಷನ್ ಆಗುತ್ತಿತ್ತು. ಲಕ್ಷಾಂತರ ಜನ ಸಣ್ಣ ಮೊತ್ತ ಕಟ್ಟಿದಾಗ, ಅವರಲ್ಲಿ ಕಾಯಿಲೆ ಬೀಳುವ ಕೆಲವರ ಖರ್ಚು ಅದರಲ್ಲಿ ಹೊರಡುತ್ತೆ ಅನ್ನೋದು ಸರಳ ಲೆಕ್ಕ. ಹಾವು ಕಡಿತ, ಎತ್ತು ತಿವಿದ ಗಾಯ, ಕೃಷಿ ಯಂತ್ರಕ್ಕೆ ಸಿಕ್ಕಿ ಆದ ಗಾಯ ಇಂಥವೂ ಆ ಹಳೆಯ ಯೋಜನೆಯೊಳಗೆ ಇದ್ದವು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಲಾಯಿತು. ರೈತರ ಒತ್ತಾಯದ ನಂತರ ಮತ್ತೆ ತಂದು, 2022ರ ನವೆಂಬರ್‌ನಲ್ಲಿ ನೋಂದಣಿ ಶುರು ಮಾಡಿ, 2023ರ ಜನವರಿ 1ರಿಂದ ಚಿಕಿತ್ಸೆ ಆರಂಭಿಸಿದರು.

ಮರುಜಾರಿಯಾದಾಗಿನ ದರ ಹೀಗಿದೆ:

- ಗ್ರಾಮೀಣ ಸಹಕಾರ ಸಂಘದ ಸದಸ್ಯರ ಕುಟುಂಬ, 4 ಜನರವರೆಗೆ: ವರ್ಷಕ್ಕೆ ₹500
- 4ಕ್ಕಿಂತ ಹೆಚ್ಚಿದ್ದರೆ ಪ್ರತಿಯೊಬ್ಬರಿಗೂ: ₹100
- ನಗರ ಸಹಕಾರ ಸಂಘದವರಿಗೆ: 4 ಜನಕ್ಕೆ ₹1,000, ಹೆಚ್ಚುವರಿ ಒಬ್ಬರಿಗೆ ₹200
- ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತೆ

ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ, ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ, ನಗದು ರಹಿತ ಚಿಕಿತ್ಸೆ. ಅಪ್ಪ, ಅಮ್ಮ, ನೀವು, ನಿಮ್ಮ ಹೆಂಡತಿ, ಇಬ್ಬರು ಮಕ್ಕಳು, ಮದುವೆಯಾಗದ ತಂಗಿ, ಹೀಗೆ 7 ಜನರ ಮನೆಗೆ ₹500 ಜೊತೆ ₹300, ಒಟ್ಟು ₹800. ಒಂದು ಸಲ ಊರಿಂದ ಹಾಸನಕ್ಕೆ ಬಾಡಿಗೆ ಕಾರು ಮಾಡಿದರೆ ಇದಕ್ಕಿಂತ ಜಾಸ್ತಿ ಆಗುತ್ತೆ.

ಇದಕ್ಕೆ ಬೇಕಾದದ್ದು ಸಹಕಾರ ಸಂಘದ ಸದಸ್ಯತ್ವ. ಹಾಲಿನ ಡೇರಿ ಆಗಬಹುದು, ಸೊಸೈಟಿ ಅಂತ ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಆಗಬಹುದು. ಸದಸ್ಯತ್ವ ಹೆಚ್ಚಿನ ಕಡೆ ಅಪ್ಪನ ಹೆಸರಲ್ಲೇ ಇರುತ್ತೆ. ಒಂದೇ ಮನೆಯಲ್ಲಿದ್ರೆ ತೊಂದರೆ ಇಲ್ಲ. ಆದರೆ ಭಾಗ ಆಗಿ, ರೇಷನ್ ಕಾರ್ಡ್ ಬೇರೆ ಮಾಡಿಕೊಂಡಿದ್ರೆ ನೀವೇ ಸದಸ್ಯರಾಗಬೇಕು. "ಅಣ್ಣನ ಹೆಸರಲ್ಲಿ ಐತೆ" ಅನ್ನೋದು ಆಸ್ಪತ್ರೆಯಲ್ಲಿ ನಡೆಯಲ್ಲ.

ಯಶಸ್ವಿನಿಯಲ್ಲಿ ಜನ ಎಡವೋದು ಎಲ್ಲಿ?

*ಗಡುವು:* ನೋಂದಣಿ ವರ್ಷಪೂರ್ತಿ ಇರಲ್ಲ. ವರ್ಷಕ್ಕೊಮ್ಮೆ ಕೆಲವು ವಾರ ಮಾತ್ರ ತೆರೆಯುತ್ತೆ. ತಪ್ಪಿಸಿಕೊಂಡ್ರೆ ಮುಂದಿನ ವರ್ಷದವರೆಗೆ ಕಾಯಬೇಕು. ಡೇರಿ ಕಾರ್ಯದರ್ಶಿಯ ನಂಬರ್ ಸೇವ್ ಮಾಡಿಕೊಂಡು ತಿಂಗಳಿಗೊಂದ್ಸಲ ಕೇಳಿ.

*ನವೀಕರಣ:* ಹೋದ ವರ್ಷ ಕಟ್ಟಿದ್ದು ಈ ವರ್ಷಕ್ಕೆ ಬರಲ್ಲ. ಪ್ರತಿ ವರ್ಷ ಕಟ್ಟಬೇಕು.

*ರಸೀದಿ:* ದುಡ್ಡು ಕೊಟ್ಟಾಗ ರಸೀದಿ ಕೇಳಿ ಪಡೆದು, ಅಲ್ಲೇ ಫೋಟೋ ತೆಗೆದಿಡಿ. ಆನ್‌ಲೈನ್‌ನಲ್ಲಿ ಮನೆಯವರೆಲ್ಲರ ಹೆಸರೂ ಬಂದಿದೆಯಾ ಅಂತ ನೋಡಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು ಹೆಸರಿದ್ರೆ ಮೊದಲೇ ಸರಿ ಮಾಡಿಸಿ.

*ಬೇರೆ ವಿಮೆ:* ಮನೇಲಿ ಸರ್ಕಾರಿ ನೌಕರರು, ಒಳ್ಳೆ ಸಂಬಳದ ಕಂಪನಿ ಕೆಲಸದವರು ಅಥವಾ ಈಗಾಗಲೇ ಬೇರೆ ವಿಮೆ ಇರುವವರು ಇದ್ದರೆ ಅದನ್ನು ಅರ್ಜಿ ಹಾಕುವಾಗಲೇ ಹೇಳಿ, ಯಾರನ್ನು ಸೇರಿಸಬಹುದು ಅಂತ ಕೇಳಿ. ಮುಚ್ಚಿಟ್ಟು ಸೇರಿಸಿದ್ರೆ ಚಿಕಿತ್ಸೆ ಸಮಯದಲ್ಲಿ ತಿರಸ್ಕಾರ ಆಗಬಹುದು.

*ಪಟ್ಟಿ:* ಎಲ್ಲ ಆಸ್ಪತ್ರೆಯಲ್ಲೂ, ಎಲ್ಲ ಕಾಯಿಲೆಗೂ ನಡೆಯಲ್ಲ. ನಿಗದಿಯಾದ ಚಿಕಿತ್ಸೆಗಳಿಗೆ, ನೆಟ್‌ವರ್ಕ್ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಅನ್ವಯ. ಆಸ್ಪತ್ರೆಗಳ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತೆ. ಹೊರಡೋಕೆ ಮುಂಚೆ ಆಸ್ಪತ್ರೆಗೆ ಒಂದು ಫೋನ್ ಮಾಡಿ, "ಯಶಸ್ವಿನಿ ಈಗ ತಗೊಳ್ತೀರಾ? ಈ ಆಪರೇಷನ್‌ಗೆ ತಗೊಳ್ತೀರಾ?" ಅಂತ ಎರಡೂ ಪ್ರಶ್ನೆ ಕೇಳಿ.

4. ಮನೇಲಿ ಯಾರಾದ್ರೂ ಕಾರ್ಖಾನೆಗೆ ಹೋಗ್ತಾರಾ? ಇಎಸ್‌ಐ ಕೇಳಿ

ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು, ಹುಡುಗರು ಬಟ್ಟೆ ಕಾರ್ಖಾನೆಗಳಲ್ಲಿ ಕೆಲಸ ಮಾಡ್ತಾರೆ. ತಿಂಗಳ ಸಂಬಳ ₹21,000ದೊಳಗಿದ್ರೆ ಇಎಸ್‌ಐ ಅನ್ವಯಿಸುತ್ತೆ. ನೌಕರರಿಂದ ಶೇ. 0.75, ಮಾಲೀಕರಿಂದ ಶೇ. 3.25. ಅಂದರೆ ₹14,000 ಸಂಬಳಕ್ಕೆ ನಿಮ್ಮಿಂದ ಹೋಗೋದು ₹105. ಇದರಲ್ಲಿ ನೌಕರರ ಗಂಡ ಅಥವಾ ಹೆಂಡತಿ, ಮಕ್ಕಳು, ಜೊತೆಗೆ ಅವರ ಮೇಲೆ ಅವಲಂಬಿತರಾದ ತಂದೆ ತಾಯಿಗೂ ಚಿಕಿತ್ಸೆ ಇದೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಕಾಣ್ತಿದೆ, ಆದರೆ ಊರಲ್ಲಿರೋ ಅಪ್ಪ ಅಮ್ಮನ ಹೆಸರು ಸೇರಿಸೇ ಇಲ್ಲ ಅನ್ನೋ ಮನೆಗಳು ಬಹಳ. ಸೇರಿಸಲು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೇಳಿದರೆ ಸಾಕು.

5. ಖಾಸಗಿ ವಿಮೆ: ಯಾರಿಗೆ ಬೇಕು?

ಎಪಿಎಲ್ ಕಾರ್ಡ್, ಯಾವ ಸಹಕಾರ ಸಂಘದಲ್ಲೂ ಸದಸ್ಯತ್ವ ಇಲ್ಲ, ಇಎಸ್‌ಐ ಇಲ್ಲ ಅನ್ನುವವರು ಇದನ್ನು ಗಂಭೀರವಾಗಿ ನೋಡಬೇಕು. ಒಂದಿಷ್ಟು ಕಾಫಿ, ಮೆಣಸು, ತೆಂಗಿನ ಆದಾಯ ಚೆನ್ನಾಗಿದ್ದು, ಬೆಂಗಳೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅನ್ನುವವರೂ ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ. 18 ಜಿಎಸ್‌ಟಿ ಪೂರ್ತಿ ತೆಗೆದಿದ್ದಾರೆ. ಏಜೆಂಟ್ ಹಳೆ ಲೆಕ್ಕ ಹೇಳಿದ್ರೆ ಕೇಳಿ.

ಯಾವ ಕಂಪನಿ ಅಂತ ಗೊಂದಲ ಆದರೆ 'ಆರೋಗ್ಯ ಸಂಜೀವಿನಿ' ಪಾಲಿಸಿಯಿಂದ ಶುರು ಮಾಡಿ ಹೋಲಿಸಿ ನೋಡಿ. 2020ರ ಏಪ್ರಿಲ್‌ನಿಂದ ಇರುವ ಈ ಪಾಲಿಸಿಯ ನಿಯಮಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿದೆ. ಕಂಪನಿ ಯಾವುದಾದರೂ ನಿಯಮ ಒಂದೇ, ಬೆಲೆ ಮಾತ್ರ ಬೇರೆ. ಹಾಗಾಗಿ ಹೋಲಿಸೋದು ಸುಲಭ. ಇದರಲ್ಲಿ ಪ್ರತಿ ಕ್ಲೇಮಿನ ಶೇ. 5 ನಾವು ಕಟ್ಟಬೇಕು ಅನ್ನೋದು ನೆನಪಿರಲಿ.

ಯಾವ ಪಾಲಿಸಿಯಾದರೂ ಸಹಿ ಹಾಕುವ ಮುಂಚೆ ಈ ಐದು ಕೇಳಿ:

1. ಈಗಾಗಲೇ ಇರುವ ಬಿಪಿ, ಶುಗರ್‌ಗೆ ಎಷ್ಟು ವರ್ಷ ಕಾಯಬೇಕು? ಈಗಿನ ನಿಯಮದ ಪ್ರಕಾರ 3 ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ.
2. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಿಗಲ್ಲ. ಅದರ ಮೇಲೆ ಹರ್ನಿಯಾ, ಕಣ್ಣಿನ ಪೊರೆ, ಮಂಡಿ ಆಪರೇಷನ್‌ಗೆ ಬೇರೆ ಕಾಯುವ ಅವಧಿ ಇದೆಯಾ?
3. ರೂಮ್ ಬಾಡಿಗೆಗೆ ಮಿತಿ ಎಷ್ಟು? ಮಿತಿ ಮೀರಿದ ರೂಮ್ ತಗೊಂಡ್ರೆ ಎಷ್ಟೋ ಪಾಲಿಸಿಗಳಲ್ಲಿ ಬಾಡಿಗೆ ವ್ಯತ್ಯಾಸ ಮಾತ್ರವಲ್ಲ, ಬಿಲ್ಲಿನ ಬೇರೆ ಭಾಗಗಳೂ ಅದೇ ಪ್ರಮಾಣದಲ್ಲಿ ಕಡಿತ ಆಗ್ತವೆ.
4. ಹಾಸನದಲ್ಲಿ ಯಾವ ಆಸ್ಪತ್ರೆಯಲ್ಲಿ ನಗದು ರಹಿತ ಇದೆ? ಬೆಂಗಳೂರಿನ ಪಟ್ಟಿ ತೋರಿಸಿದ್ರೆ ರಾತ್ರಿ ಹೊತ್ತು ಉಪಯೋಗಕ್ಕೆ ಬರಲ್ಲ.
5. ಕೋ-ಪೇ, ಅಂದರೆ ನಮ್ಮ ಪಾಲು ಎಷ್ಟು?

ಬಿಪಿ, ಶುಗರ್, ಹಿಂದೆ ಆದ ಆಪರೇಷನ್ ಯಾವುದನ್ನೂ ಮುಚ್ಚಿಡಬೇಡಿ. "ಅದೆಲ್ಲ ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ" ಅನ್ನೋ ಏಜೆಂಟ್ ಕ್ಲೇಮ್ ತಿರಸ್ಕಾರ ಆದಾಗ ಫೋನ್ ಎತ್ತಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಓದಿ ನೋಡುವ ಅವಕಾಶ ಇದೆ, ಬೇಡ ಅನಿಸಿದ್ರೆ ವಾಪಸ್ ಮಾಡಬಹುದು. ಕ್ಲೇಮ್ ಗಲಾಟೆ ಆದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಆಮೇಲೆ 155255ಕ್ಕೆ ಕರೆ ಮಾಡಬಹುದು. ಅಲ್ಲೂ ಆಗದಿದ್ರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

6. ಮರ ಹತ್ತುವವರಿಗೆ, ಟ್ರ್ಯಾಕ್ಟರ್ ಓಡಿಸುವವರಿಗೆ

ಆಸ್ಪತ್ರೆ ಖರ್ಚು ಒಂದು ಕಡೆ, ದುಡಿಯುವ ಕೈಯೇ ಹೋದರೆ ಮನೆಯ ಗತಿ ಇನ್ನೊಂದು ಕಡೆ. ಇದಕ್ಕೆ ಎರಡು ಅಗ್ಗದ ದಾರಿ ಇವೆ.

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ: ವರ್ಷಕ್ಕೆ ₹20. 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ₹2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ ₹1 ಲಕ್ಷ. ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇಲ್ಲದಿದ್ರೆ ಕಡಿತ ಆಗಲ್ಲ, ವಿಮೆ ನಿಲ್ಲುತ್ತೆ. ಇದು ಆಸ್ಪತ್ರೆ ಬಿಲ್ ಕಟ್ಟಲ್ಲ ಅನ್ನೋದೂ ಗೊತ್ತಿರಲಿ.

ಕೇರ ಸುರಕ್ಷಾ: ಅರಸೀಕೆರೆ ಭಾಗಕ್ಕೆ ಇದು ಬಹಳ ಮುಖ್ಯ. ತೆಂಗಿನ ಮರ ಹತ್ತಿ ಕಾಯಿ ಕೀಳುವವರಿಗೆ, ನೀರಾ ಇಳಿಸುವವರಿಗೆ ತೆಂಗು ಅಭಿವೃದ್ಧಿ ಮಂಡಳಿ ನಡೆಸುವ ಅಪಘಾತ ವಿಮೆ ಇದು. ಪ್ರೀಮಿಯಂನ ಹೆಚ್ಚಿನ ಪಾಲನ್ನು ಮಂಡಳಿಯೇ ಕಟ್ಟುತ್ತೆ. ಸಾವು, ಅಂಗವೈಕಲ್ಯದ ಜೊತೆಗೆ ಮರದಿಂದ ಬಿದ್ದಾಗಿನ ಆಸ್ಪತ್ರೆ ಖರ್ಚಿಗೂ ನೆರವಿದೆ. ನಿಮ್ಮ ತೋಟಕ್ಕೆ ಬರುವ ಮರ ಹತ್ತುವವರಿಗೆ ಇದನ್ನು ಮಾಡಿಸಿಕೊಡಿ. ಅವರ ಪಾಲಿನ ದುಡ್ಡನ್ನು ತೋಟದವರೇ ಹಾಕಿದರೆ ಇನ್ನೂ ಒಳ್ಳೆಯದು. ಅರ್ಜಿಗೆ ಬೆಂಗಳೂರಿನಲ್ಲಿರುವ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸಿ.

7. ಮೂರು ಮನೆ, ಮೂರು ಲೆಕ್ಕ

ಇವು ಉದಾಹರಣೆಗೆ ಹೇಳುವ ಮನೆಗಳು. ನಿಮ್ಮದು ಯಾವುದಕ್ಕೆ ಹತ್ತಿರ ನೋಡಿ.

*ಅರಸೀಕೆರೆ ಕಡೆ, ಎರಡು ಎಕರೆ ತೆಂಗು, ರಾಗಿ, ಎರಡು ಹಸು, ಬಿಪಿಎಲ್ ಕಾರ್ಡ್:* ಆಯುಷ್ಮಾನ್ ಕಾರ್ಡಿನಲ್ಲೇ ₹5 ಲಕ್ಷ ಇದೆ. ಎಲ್ಲರ ಹೆಸರು ಸೇರಿದೆಯಾ ನೋಡೋದು ಮೊದಲ ಕೆಲಸ. ಡೇರಿಗೆ ಹಾಲು ಹಾಕ್ತಿದ್ರೆ ಯಶಸ್ವಿನಿಯನ್ನೂ ವಿಚಾರಿಸಿ. ಒಂದೇ ಚಿಕಿತ್ಸೆಗೆ ಎರಡೂ ಕಡೆಯಿಂದ ಹಣ ಸಿಗಲ್ಲ. ಆದರೆ ಹೋಗಬೇಕಾದ ಆಸ್ಪತ್ರೆ ಒಂದರ ಪಟ್ಟಿಯಲ್ಲಿ ಇಲ್ಲದೆ ಇನ್ನೊಂದರಲ್ಲಿ ಇದ್ದಾಗ ಉಪಯೋಗಕ್ಕೆ ಬರುತ್ತೆ. ಖಾಸಗಿ ಪಾಲಿಸಿಗೆ ಸಾಲ ಮಾಡಬೇಡಿ.

*ಬೇಲೂರು ಕಡೆ, ನಾಲ್ಕು ಎಕರೆ ಕಾಫಿ, ಮೆಣಸು, ಎಪಿಎಲ್ ಕಾರ್ಡ್, ಅಪ್ಪ ಸೊಸೈಟಿ ಸದಸ್ಯರು:* ಆಯುಷ್ಮಾನ್‌ನಿಂದ ಶೇ. 30 ಮಾತ್ರ. ಯಶಸ್ವಿನಿ ತಪ್ಪಿಸಲೇಬಾರದು. ಅದರ ಮೇಲೆ ದೊಡ್ಡ ಖರ್ಚಿಗೆ ರಕ್ಷಣೆ ಬೇಕಿದ್ರೆ, ಮೊದಲ ₹5 ಲಕ್ಷ ಬಿಟ್ಟು ಅದಕ್ಕಿಂತ ಮೇಲಿನ ಬಿಲ್ ಕಟ್ಟುವ 'ಸೂಪರ್ ಟಾಪ್-ಅಪ್' ಪಾಲಿಸಿ ಸಾಮಾನ್ಯ ಪಾಲಿಸಿಗಿಂತ ಅಗ್ಗಕ್ಕೆ ಸಿಗುತ್ತೆ. ಅದನ್ನು ತಗೊಂಡ್ರೆ ಯಶಸ್ವಿನಿಗೆ ತೊಡಕಾಗುತ್ತಾ ಅಂತ ಮೊದಲು ಕೇಳಿಕೊಳ್ಳಿ.

*ಹಳೇಬೀಡು ಕಡೆ, ಭಾಗ ಆದ ಮೇಲೆ ಗುತ್ತಿಗೆ ಜಮೀನಲ್ಲಿ ಶುಂಠಿ, ಜೋಳ ಬೆಳೆಯುವ ಹುಡುಗ, ಎಪಿಎಲ್ ಕಾರ್ಡ್, ಯಾವ ಸಂಘದಲ್ಲೂ ಇಲ್ಲ:* ಮೂರರಲ್ಲಿ ಹೆಚ್ಚು ಅಪಾಯದಲ್ಲಿರೋದು ಈ ಮನೆ. ಶುಂಠಿಗೆ ಲಕ್ಷಗಟ್ಟಲೆ ಸಾಲ ಸುರಿದಿರುವಾಗ ಆಸ್ಪತ್ರೆ ಬಿಲ್ ಬಂದ್ರೆ ಎರಡು ವರ್ಷ ಮೇಲೇಳಲು ಆಗಲ್ಲ. ಈ ತಿಂಗಳೇ ಡೇರಿ ಅಥವಾ ಸೊಸೈಟಿಗೆ ಸದಸ್ಯತ್ವದ ಅರ್ಜಿ ಹಾಕಿ. ಯಶಸ್ವಿನಿ ನೋಂದಣಿ ತೆರೆಯುವವರೆಗೆ ಕನಿಷ್ಠ ಒಂದು ಆರೋಗ್ಯ ಸಂಜೀವಿನಿ ಪಾಲಿಸಿ ಯೋಚಿಸಿ.

8. ತುರ್ತು ಬಂದಾಗ

ಹಾವು ಕಡಿದ್ರೆ, ಎದೆ ನೋವು ಬಂದ್ರೆ ವಿಮೆ ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಾವಿನ ವಿಷಕ್ಕೆ ಕೊಡುವ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಾವು ಕಡಿತವನ್ನು 2024ರಲ್ಲಿ ರಾಜ್ಯ ಸರ್ಕಾರ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಹೃದಯಾಘಾತಕ್ಕೆ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಲ್ಲಿ ಇಸಿಜಿ ನೋಡಿ, ಬೇಕಾದವರಿಗೆ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಇದೆ.

ಆಸ್ಪತ್ರೆ ಸೇರಿದ ತಕ್ಷಣ ಆರೋಗ್ಯ ಮಿತ್ರ ಕೌಂಟರ್ ಎಲ್ಲಿದೆ ಅಂತ ಕೇಳಿ, ಆಧಾರ್, ರೇಷನ್ ಕಾರ್ಡ್ ತೋರಿಸಿ. ಡಿಸ್‌ಚಾರ್ಜ್ ದಿನ ಕಾರ್ಡ್ ತೋರಿಸಿದ್ರೆ ಪ್ರಯೋಜನ ಕಡಿಮೆ. ಒಪ್ಪಿಗೆ ಮೊದಲೇ ಸಿಗಬೇಕು.

ಈ ವಾರ ಮಾಡಬೇಕಾದ ಐದು ಕೆಲಸ

1. ರೇಷನ್ ಕಾರ್ಡ್ ಬಿಪಿಎಲ್ಲಾ, ಎಪಿಎಲ್ಲಾ ನೋಡಿ. ಮನೆಯವರೆಲ್ಲರ ಹೆಸರು ಇದೆಯಾ ನೋಡಿ.
2. ಗ್ರಾಮ ಒನ್‌ನಲ್ಲಿ ಆಯುಷ್ಮಾನ್ ಕಾರ್ಡ್ ಪರಿಶೀಲಿಸಿ. ಆಭಾ ನಂಬರ್ ಬೇರೆ, ಇದು ಬೇರೆ.
3. ಡೇರಿ ಅಥವಾ ಸೊಸೈಟಿಗೆ ಹೋಗಿ ಸದಸ್ಯತ್ವ ಯಾರ ಹೆಸರಲ್ಲಿದೆ, ಯಶಸ್ವಿನಿ ನೋಂದಣಿ ಯಾವಾಗ ಅಂತ ಕೇಳಿ.
4. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ₹20 ಕಡಿತ ಆಗಿದೆಯಾ ನೋಡಿ.
5. ಎಲ್ಲ ಕಾರ್ಡ್, ರಸೀದಿಗಳ ಫೋಟೋ ತೆಗೆದು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ಕಾಯಿಲೆ ಬಿದ್ದವರ ಮೊಬೈಲ್ ಲಾಕ್ ಆಗಿದ್ರೂ ಬೇರೆಯವರ ಕೈಗೆ ಸಿಗಬೇಕು.

ಬಿತ್ತನೆಗೆ ಹದ ನೋಡ್ತೀವಿ, ಹದ ಹೋದ ಮೇಲೆ ಎಷ್ಟು ಒಳ್ಳೆ ಬೀಜ ಹಾಕಿದ್ರೂ ಬರಲ್ಲ. ವಿಮೆಗೂ ಹದ ಇದೆ, ಅದು ಮನೇಲಿ ಎಲ್ಲರೂ ಆರೋಗ್ಯವಾಗಿರುವ ದಿನ. ನಿಮ್ಮ ಊರಿನ ಡೇರಿಯಲ್ಲಿ, ಸಂಘದ ಮೀಟಿಂಗ್‌ನಲ್ಲಿ ಈ ಲೆಕ್ಕವನ್ನು ನಾಲ್ಕು ಜನಕ್ಕೆ ಹೇಳಿ.